ಪಂಪು ಏರ್ ಹಿಡಿದಾಗ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸುತ್ತಿನ ಹೊಲಗಳಲ್ಲಿ ತೆರೆದ ಬಾವಿ ಎಂದರೆ ಪದರ ಪದರವಾದ ಹಾಸುಗಲ್ಲನ್ನು ಸೀಳಿ ಇಳಿಸಿದ ಗುಂಡಿ. ದೂರದೂರದ ಊರುಗಳ ಮನೆ, ಅಂಗಳ, ರೈಲು ನಿಲ್ದಾಣಗಳ ನೆಲಕ್ಕೆ ಹೋದ ಶಹಾಬಾದಿ ಕಲ್ಲೇ ಇಲ್ಲಿ ಬಾವಿಯ ಗೋಡೆ. ಚಿಂಚೋಳಿ ಕಡೆ ಹೋದಂತೆ ಕರಿಕಲ್ಲು ಬರುತ್ತದೆ, ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಬಾವಿಯ ಬಣ್ಣ ಬದಲಾದರೂ ಹಳೆಯ ಪಂಪಿನ ರೋಗ ಬದಲಾಗುವುದಿಲ್ಲ. ಸಂಜೆ ಸರಿಯಾಗಿ ನೀರು ಕೊಟ್ಟು ನಿಂತ ಪಂಪು ಬೆಳಿಗ್ಗೆ ಬರೀ ಸದ್ದು ಮಾಡುತ್ತದೆ, ನೀರು ಎತ್ತುವುದಿಲ್ಲ. ಏರ್ ಹಿಡಿದದ ಎನ್ನುತ್ತಾರೆ.

ತೊಗರಿ ರಾಶಿ ಮುಗಿದ ದಿನಗಳಲ್ಲಿ, ಅಂಥದೊಂದು ಬಾವಿಯ ಕಟ್ಟೆಯ ಮೇಲೆ ನಡೆದ ಮಾತು ಇದೆಂದು ಇಟ್ಟುಕೊಳ್ಳಿ. ಹಿರಿಯರು ಶಹಾಬಾದಿನ ಕಲ್ಲು ಖಣಿಗಳಲ್ಲಿ ನೀರೆತ್ತುವ ಎಂಜಿನ್ನು, ಪಂಪು ರಿಪೇರಿ ಮಾಡುತ್ತಲೇ ತಲೆ ನರೆತ ಮಿಸ್ತ್ರಿ. ಕಿರಿಯ ಡಿಪ್ಲೊಮಾ ಓದಿ ಸಿಮೆಂಟು ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವ, ರಜೆಯ ದಿನ ಹೊಲ ನೋಡುವವ.

ಕಿರಿಯ: ಕಾಕಾ, ಈ ಸಲ ನಿಮ್ಮನ್ನ ಕರೆದದ್ದು ರಿಪೇರಿಗಲ್ಲ. ಇದನ್ನ ಬಿಚ್ಚಿ ಗುಜರಿಗೆ ಹಾಕಿದ್ರ ಎಷ್ಟು ಬರ್ತದ, ಅಷ್ಟು ಹೇಳ್ರಿ. ಬೋರ್ ಹೊಡಸಬೇಕಂತ ಮಾಡೀನಿ.

ಹಿರಿಯ: ಗುಜರಿ ಲೆಕ್ಕ ಆಮ್ಯಾಲ ಹೇಳ್ತೀನಿ. ಮೊದಲ ರೋಗ ಹೇಳು. ನಿಲ್ಲಿಸಿದ ಮ್ಯಾಲ ನೀರು ಇಳಿದು ಹೋಗ್ತದೋ, ನಡೀತಿದ್ದಾಗಲೇ ಬಿಟ್ಟುಬಿಡ್ತದೋ?

ಕಿರಿಯ: ಎರಡಕ್ಕೂ ಏನ್ ಫರಕ್ ಅದ? ನೀರು ಬರೂದಿಲ್ಲ, ಅಷ್ಟೇ.

ಹಿರಿಯ: ಫರಕ್ ಅಲ್ಲೇ ಅದ ತಮ್ಮಾ. ರಾತ್ರಿ ನಿಂತಾಗ ಪೈಪು ಖಾಲಿ ಆಗ್ತಿದ್ರ ರೋಗ ಕೆಳಗ, ಪೈಪಿನ ತುದಿಗೆ ನೀರು ವಾಪಸ್ ಇಳೀದಂಗ ತಡಿಯೋ ಫುಟ್‌ವಾಲ್ವಿನಾಗ. ನಡೀತಾ ನಡೀತಾ ಸಣ್ಣ ಆಗಿ ಬಿಟ್ರ ಎಲ್ಲೋ ಜಾಯಿಂಟಿನಾಗ ಗಾಳಿ ಹೊಗ್ತದ, ಇಲ್ಲಾ ಬಾವಿ ನೀರೇ ಪಂಪಿನ ಕೈಗೆ ಸಿಗದಷ್ಟು ಕೆಳಗ ಹೋಗ್ಯಾದ. ಮೂರಕ್ಕೂ ಔಷಧಿ ಬ್ಯಾರೆ. ಇದನ್ನ ಕೇಳಲಾರದೆ ಜನ ಮೊದಲ ಪಂಪು ಬಿಚ್ಚತಾರ. ನಡುವಿನ ಪಂಪಿಗೆ ಏನೂ ಆಗಿರೂದಿಲ್ಲ.

ಕಿರಿಯ: ನಮ್ಮದಕ್ಕ ಎರಡೂ ಅದ. ಮುಂಜಾನಿ ಖಾಲಿ ಇರ್ತದ. ನೀರು ಹಾಕಿ ಚಾಲೂ ಮಾಡಿದ್ರ ಕಾಲು ತಾಸು ನಡೀತದ, ಆಮ್ಯಾಲ ಬಿಡ್ತದ.

ಹಿರಿಯ: ಹಂಗಾದ್ರ ಎರಡು ರೋಗ. ಒಂದೊಂದೇ ಹಿಡಿಯೋಣ. ಆ ಕೊಡ ತಾ. ಡೆಲಿವರಿ ವಾಲ್ವ್ ಮುಚ್ಚು, ಗಾಳಿ ಬಿಡೂ ಗುಬಟ ಸಡಿಲ ಮಾಡು. ಪ್ರೈಮಿಂಗ್ ಕಪ್ಪಿನ ಕಂಠದ ತನಕ ನೀರು ತುಂಬು, ಗುಳ್ಳಿ ಬರೂದು ನಿಲ್ಲೂ ತನಕ. ಈಗ ಸುಮ್ಮನ ನೋಡ್ತಾ ಕೂಡು.

ಕಪ್ಪಿನ ನೀರು ನೋಡನೋಡುತ್ತ ಇಳಿಯತೊಡಗಿತು. ಹಿರಿಯರು ಪಂಪಿನ ಹೊಟ್ಟೆಯ ಕೆಳಗೆ, ಶಾಫ್ಟಿನ ಗ್ಲ್ಯಾಂಡಿನ ಬಳಿ, ಫ್ಲ್ಯಾಂಜಿನ ಸುತ್ತ ಅಂಗೈ ಆಡಿಸಿದರು. ಎಲ್ಲ ಒಣಗಿತ್ತು.

ಹಿರಿಯ: ನೀರು ಹೊರಗ ಎಲ್ಲೂ ಸೋರವಲ್ದು, ಆದ್ರೂ ಇಳೀಲಿಕತ್ತದ. ಅಂದ್ರ ಕೆಳಗ ಬಾಯಿ ಬಿಟ್ಟದ. ಇದಕ್ಕ ಮೀಟರ್ ಬೇಕಾಗಿಲ್ಲ.

ಕಿರಿಯ: ಇದು ನನಗೂ ಗೊತ್ತಿತ್ತು. ಅದಕ್ಕೇ ಅಪ್ಪ ಸಗಣಿ ರಾಡಿ ಹಾಕ್ತಿದ್ದ. ಒಂದು ಬಕೇಟು ಹಾಕಿದ್ರ ಪಂಪು ನೀರು ಹಿಡೀತಿತ್ತು.

ಹಿರಿಯ: ಹಿಡೀತದ, ಸುಳ್ಳಲ್ಲ. ನೀರು ಸೋರೂ ಕಡೆ ಹರೀತದ, ಸಗಣಿ ನಾರು ಅದರ ಜೋಡಿ ಹೋಗಿ ಸಂದಿನಾಗ ಕೂಡ್ತದ. ಅವಸರಕ್ಕ ನಾನೂ ಹಾಕ್ಸೀನಿ. ಆದ್ರ ದಿನಾ ಹಾಕಿದ್ರ ಅದೇ ನಾರು ಪಂಪಿನೊಳಗ ತಿರಗೋ ಚಕ್ರದ, ಅಂದ್ರ ಇಂಪೆಲ್ಲರಿನ, ಕಣ್ಣಾಗ ಗಡ್ಡಿ ಕಟ್ಟತದ, ಜಾಳಗಿ ಮುಚ್ಚತದ, ಗ್ಲ್ಯಾಂಡಿನ ದಾರದಾಗ ಸೇರಿ ಶಾಫ್ಟ್ ತಿಂತದ. ಒಂದು ತೂತು ಮುಚ್ಚಲಿಕ್ಕ ಹೋಗಿ ಮೂರು ಕಡೆ ಸವೆತ. ನಿಮ್ಮಪ್ಪ ಒಂದಿನದ ನೀರು ಉಳಿಸಿಕೊಂಡ, ಪಂಪಿನ ಆಯುಷ್ಯ ಕಳಕೊಂಡ.

ಕಿರಿಯ: ಅವನಿಗೆ ಆವತ್ತಿನ ನೀರೇ ಬೇಕಾಗಿತ್ತು ಕಾಕಾ. ಬದನಿ ಸಸಿ ಬಾಡ್ತಿದ್ವು. ಮಿಸ್ತ್ರಿ ಸಿಗಲಿಕ್ಕ ವಾರ ಬೇಕು. ನೀವು ಕೂತು ಶಾಸ್ತ್ರ ಹೇಳಬಹುದು, ಕೈಯಾಗ ಇದ್ದದ್ದು ಅವನಿಗೆ ಸಗಣಿನೇ.

ಹಿರಿಯ: ಈ ಮಾತು ಒಪ್ಪತೀನಿ. ಸರಿ, ಸಕ್ಷನ್ ಪೈಪು ಮ್ಯಾಲ ಎಳಿಯೋಣ.

ಕಿರಿಯ: ಎಳಿಯೋದು ಯಾರು? ಒಳಗ ಇಳಿಯೋದು ಯಾರು? ನಾ ಬೋರ್ ಅಂತ ಹಟ ಹಿಡಿದಿರೋದು ಇದಕ್ಕೇ. ಪಾಚಿ ಕಟ್ಟಿದ ಕಲ್ಲಿನ ಮೆಟ್ಟಿಲು, ಒದ್ದಿ ಕೈ, ಬಾಜೂಕ ಕರೆಂಟಿನ ಮೋಟಾರು. ಫುಟ್‌ವಾಲ್ವ್ ಬದಲಿ ಮಾಡ್ಲಿಕ್ಕ ಹೋಗಿ ಕಾಲು ಮುರಕೊಂಡವರು ಪ್ರತಿ ಊರಾಗೂ ಸಿಗ್ತಾರ. ಬಾವ್ಯಾಗ ಡೀಸೆಲ್ ಎಂಜಿನ್ ಇಳಿಸಿ ಹೊಗಿಗೆ ಸತ್ತವರ ಸುದ್ದಿ ವರ್ಷಾ ವರ್ಷಾ ಪೇಪರಿನಾಗ ಬರ್ತದ.

ಹಿರಿಯ: ಖಣಿಯಾಗ ನಾವು ಮೊದಲ ಕಂದೀಲು ಇಳಸ್ತಿದ್ವಿ. ಆರಿತು ಅಂದ್ರ ಒಳಗ ಯಾರೂ ಇಳೀಬಾರದು. ಉರೀತಿದ್ರ ಇಳೀಬಹುದು.

ಕಿರಿಯ: ಅರ್ಧ ಖರೆ, ಅರ್ಧ ತಪ್ಪು. ಕಂದೀಲು ಆರೋದು ಉಸಿರಾಡೂ ಗಾಳಿ ಕಡಿಮಿ ಆದಾಗ. ಎಂಜಿನ್ನಿನ ಹೊಗಿಯಾಗ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನಿ ಇಲ್ಲ. ಮನುಷ್ಯ ಸಾಯೋವಷ್ಟು ಅದು ತುಂಬಿದ್ರೂ ದೀಪ ಆರಾಮ ಉರೀತಿರ್ತದ. ದೀಪ ಉರೀಲಿಕತ್ತದ ಅಂತ ಇಳಿದವನು ವಾಪಸ್ ಬರೂದಿಲ್ಲ. ಅವನನ್ನ ಎತ್ತಲಿಕ್ಕ ಇಳಿದವನೂ ಬರೂದಿಲ್ಲ.

ಹಿರಿಯರು ತುಸು ಹೊತ್ತು ಮಾತಾಡಲಿಲ್ಲ. ಕಿರಿಯನ ಮಾತು ನೂರಕ್ಕೆ ನೂರು ಸರಿ. ಬಾವಿ ಇರುವ ಪ್ರತಿ ಮನೆಯವರಿಗೂ ಗೊತ್ತಿರಬೇಕಾದದ್ದು. ಕಂದೀಲಿನ ಪರೀಕ್ಷೆ ಹಳೆಯ ಬಾವಿಯ ಕೆಟ್ಟ ಗಾಳಿಗೆ ಒಂದಿಷ್ಟು ನಡೆದೀತು. ಎಂಜಿನ್ನು ಓಡಿದ ಬಾವಿಗೆ ನಡೆಯುವುದಿಲ್ಲ.

ಹಿರಿಯ: ಸರಿ, ಇನ್ನು ಮ್ಯಾಲ ಕಂದೀಲಿನ ಮಾತು ಹೇಳೂದಿಲ್ಲ. ಆದ್ರ ಈ ಬಾವಿಗೆ ಯಾರೂ ಇಳಿಯೋದು ಬೇಕಾಗಿಲ್ಲ. ಮೊದಲ ಮೇನ್ ಸ್ವಿಚ್ಚು ಬಂದ್ ಮಾಡಿ ಫ್ಯೂಜ್ ತಗದು ಕಿಸೆಯಾಗ ಇಟ್ಕೋ. ಪಂಪಿನ ಹತ್ತಿರದ ಫ್ಲ್ಯಾಂಜ್ ಬಿಚ್ಚು. ಪೈಪಿಗೆ ಹಗ್ಗ, ಮ್ಯಾಲ ಗಡಗಡಿ, ಇಬ್ಬರು ಹಿಡಿದ್ರ ಬರ್ತದ. ಕಬ್ಬಿಣದ ಪೈಪು ಇದ್ದಾಗ ನಾಲ್ಕು ಮಂದಿ ಬೇಕಾಗಿತ್ತು. ಪ್ಲಾಸ್ಟಿಕ್ ಪೈಪು ಬಂದು ಅಷ್ಟು ಪುಣ್ಯ ಕಟ್ಟಿಕೊಂಡದ.

ಪೈಪು ಮೇಲೆ ಬಂತು. ತುದಿಯ ಫುಟ್‌ವಾಲ್ವಿನ ಜಾಳಿಗೆಯ ಮೇಲೆ ಬಿಳಿಯ ಒರಟು ಹೊರಪದರ, ಉಗುರಿನಿಂದ ಗೀರಿದರೆ ಪುಡಿಯಾಗಿ ಉದುರುವಂಥದ್ದು. ಬಿಚ್ಚಿದಾಗ ಒಳಗಿನ ಚರ್ಮದ ಮುಚ್ಚಳ ಒಂದು ಅಂಚಿನಲ್ಲಿ ಮೇಲಕ್ಕೆ ಸುರುಳಿಕೊಂಡಿತ್ತು. ಅದು ಕೂರುವ ಕಂಚಿನ ಉಂಗುರದ ಮೇಲೂ ಅದೇ ಬಿಳಿ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸಂದಿನಲ್ಲಿ ಜೋಳದ ಕಾಳಿನಷ್ಟು ಕಲ್ಲಿನ ಚೂರು ಸಿಕ್ಕಿಕೊಂಡಿತ್ತು.

ಹಿರಿಯ: ನೋಡು. ಇದು ನಮ್ಮ ನೆಲದ ಗುಣ. ಸುಣ್ಣಕಲ್ಲಿನ ಸಂದಿನಾಗಿಂದ ಬಂದ ನೀರು, ಒಳಗ ಸುಣ್ಣ ಕರಗಿರ್ತದ. ಎಲ್ಲಿ ನಿಲ್ತದ, ಎಲ್ಲಿ ಗಾಳಿ ತಾಗತದ, ಅಲ್ಲಿ ಬಿಡ್ತಾ ಹೋಗ್ತದ. ಮನಿಯಾಗ ಚಹಾದ ಪಾತ್ರಿ ತಳದಾಗ ಕೂಡೋದೂ ಇದೇ. ಈ ಚರ್ಮ ಯಾಕ ಹಿಂಗ ಸುರುಳಿ ಆತು ಅಂತಿ? ಹೋದ ಬ್ಯಾಸಗ್ಯಾಗ ಬಾವಿ ನೀರು ಇಳಿದು ಫುಟ್‌ವಾಲ್ವ್ ಗಾಳಿಯಾಗ ಜೋತಾಡಿರಬೇಕು. ಚರ್ಮ ಒಣಗಿ ಬಿರುಸಾತು. ಮಳಿಗಾಲದಾಗ ನೀರು ಬಂದ್ರೂ ಅದು ಮೊದಲಿನಂಗ ಕೂಡಲಿಲ್ಲ.

ಕಿರಿಯ: ಹೌದು, ಹೋದ ಏಪ್ರಿಲ್ಲಿನಾಗ ತಳ ಕಂಡಿತ್ತು. ಹಂಗಾದ್ರ ಟಾಯ್ಲೆಟ್ ತೊಳಿಯೋ ಆ್ಯಸಿಡ್ ಹಾಕಿ ಬಿಡೋಣೇನು? ಐದು ನಿಮಿಷದ ಕೆಲಸ.

ಹಿರಿಯ: ಸುಣ್ಣದ ಜೋಡಿ ಬೀಡಿನ ಮೈನೂ ತಿಂತದ. ಹುಣಸಿ ಹಣ್ಣಿನ ರಸದಾಗ ನೆನಸಿಡು, ಸುಣ್ಣ ಮೆತ್ತಗಾದ ಮ್ಯಾಲ ತಂತಿ ಬ್ರಷ್ಷಿನಿಂದ ತಿಕ್ಕು. ಉಂಗುರದ ಮ್ಯಾಲ ಮಾತ್ರ ಬ್ರಷ್ ಆಡಿಸಬ್ಯಾಡ, ಗೀರು ಬಿದ್ರ ಮತ್ತ ಸೋರತದ. ಅಲ್ಲಿ ಬಟ್ಟಿನೇ ಸಾಕು. ಚರ್ಮದ ಬದಲಿ ರಬ್ಬರಿನ ವಾಷರ್ ಹಾಕು, ಒಣಗಿದ್ರೂ ಸುರುಳಿ ಆಗೂದಿಲ್ಲ.

ಕಿರಿಯ: ಹೊಸ ಫುಟ್‌ವಾಲ್ವೇ ಹಾಕಿದ್ರ? ಪ್ಲಾಸ್ಟಿಕ್ಕಿನದು ಅಗ್ಗ ಅದ.

ಹಿರಿಯ: ಹಾಕು, ಬ್ಯಾಡ ಅನ್ನೂದಿಲ್ಲ. ಆದ್ರ ಅಂಗಡಿಯವ ಕೊಟ್ಟದ್ದು ತರಬ್ಯಾಡ. ಜಾಳಗಿಯ ತೂತುಗಳೆಲ್ಲ ಕೂಡಿ ಪೈಪಿನ ಬಾಯಿಗಿಂತ ಎಷ್ಟೋ ಪಾಲು ದೊಡ್ಡವಿರಬೇಕು, ಒಳಗಿನ ದಾರಿ ಇಕ್ಕಟ್ಟಿರಬಾರದು. ಇದಕ್ಕಂತಲೇ ಐಎಸ್ 10805 ಅಂತ ಮಾನಕ ಅದ. ಹಿಂದ ಗುಜರಾತಿನಾಗ ಪಂಪ್‌ಸೆಟ್ ಸುಧಾರಣಾ ಕೆಲಸ ನಡೆದಾಗ ಮೋಟಾರ್ ಮುಟ್ಟದೆ ಬರೇ ಫುಟ್‌ವಾಲ್ವ್, ಪೈಪು ಬದಲಿ ಮಾಡಿ ಭಾಳಷ್ಟು ಕರೆಂಟು ಉಳಿಸಿ ತೋರಿಸಿದ್ರು.

ಕಿರಿಯ: ಕರೆಂಟು ಉಳಿಸಿ ನಾ ಏನ್ ಮಾಡ್ಲಿ? ಹತ್ತು ಎಚ್‌ಪಿ ತನಕ ರೈತರ ಪಂಪಿಗೆ ಬಿಲ್ಲೇ ಇಲ್ಲ ನಮ್ಮ ರಾಜ್ಯದಾಗ.

ಹಿರಿಯ: ಬಿಲ್ ಇಲ್ಲ ಖರೆ. ತಾಸು ಅವ ಅಲ್ಲ? ಮೂರು ಫೇಸ್ ಇರೋವಷ್ಟು ಹೊತ್ತಿನಾಗ ಎಷ್ಟು ನೀರು ಮ್ಯಾಲ ಬಂತು ಅನ್ನೋದೇ ನಿನ್ನ ಲಾಭ. ಇಕ್ಕಟ್ಟಿನ ಫುಟ್‌ವಾಲ್ವ್ ನಿನ್ನ ಕರೆಂಟು ತಿನ್ನೂದಿಲ್ಲ, ನಿನ್ನ ತಾಸು ತಿಂತದ.

ಕಿರಿಯ ಇದಕ್ಕೆ ಉತ್ತರ ಹುಡುಕಲಿಲ್ಲ. ಅವನ ಕಣ್ಣು ಬಾವಿಯ ಗೋಡೆಯ ಮೇಲಿನ ಗುರುತಿನ ಕಡೆ ಹೋಗಿತ್ತು. ಪ್ರತಿ ವರ್ಷ ನೀರು ಎಲ್ಲಿಗೆ ಇಳಿಯುತ್ತದೆಂದು ಅಲ್ಲಿ ಕಲೆ ಹೇಳುತ್ತಿತ್ತು.

ಕಿರಿಯ: ಫುಟ್‌ವಾಲ್ವ್ ಸರಿ ಮಾಡಿದ್ವಿ ಅನ್ರಿ. ಏಪ್ರಿಲ್ಲಿನಾಗ ಏನ್ ಮಾಡೋದು? ಈಗ ಪಂಪಿನಿಂದ ನೀರಿಗೆ ಹದಿನೇಳು ಅಡಿ. ಆಗ ಇಪ್ಪತ್ತಾರಕ್ಕ ಹೋಗ್ತದ. ನಿಮ್ಮ ಪಂಪು ಇಪ್ಪತ್ತಾರು ಅಡಿ ಎಳೀತದೇನು?

ಹಿರಿಯ: ಹೊಸ ಪಂಪಿನ ಪಟ್ಟಿ ಮ್ಯಾಲ ಇಪ್ಪತ್ತಾರು ಬರೆದಿರ್ತಾರ.

ಕಿರಿಯ: ಬರೆದಿರ್ತಾರ. ಆದ್ರ ಪಂಪು ನೀರು ಎಳಿಯೋದೇ ಇಲ್ಲ ಕಾಕಾ. ಪೈಪಿನೊಳಗಿನ ಒತ್ತಡ ಕಡಿಮಿ ಮಾಡ್ತದ, ಬಾವಿ ನೀರಿನ ಮ್ಯಾಲ ಕೂತ ಗಾಳಿ ನೀರನ್ನ ಮ್ಯಾಲ ದೂಡ್ತದ. ಗಾಳಿಗೆ ಇರೂ ಶಕ್ತಿ ಸಮುದ್ರದ ಮಟ್ಟದಾಗ 10.3 ಮೀಟರ್, ಅದಕ್ಕಿಂತ ಒಂದು ಬೊಟ್ಟು ಹೆಚ್ಚಿಲ್ಲ. ಇಟಲಿ ದೇಶದ ಪಂಪಿನ ಮಂದಿಗೆ ಇದು ಕೆಲಸದಾಗೇ ಗೊತ್ತಾಗಿತ್ತು. ಹದಿನೆಂಟು ಮೊಳದ ಮ್ಯಾಲ ನೀರು ಏರೂದಿಲ್ಲ ಅಂತ ಅವರು ಹೇಳಿದ್ದನ್ನ ಗೆಲಿಲಿಯೊ 1638ರ ಪುಸ್ತಕದಾಗ ಬರದಾನ. ಕಾರಣ ಹೇಳಿದವ ಅವನ ಶಿಷ್ಯ ಟೊರಿಚೆಲ್ಲಿ, 1644ರಾಗ. ನಾವು ಗಾಳಿಯ ಸಮುದ್ರದ ತಳದಾಗ ಬದುಕೀವಿ, ಆ ಗಾಳಿಗೆ ಭಾರ ಅದ ಅಂತ.

ಹಿರಿಯ: ಖಣಿಯಾಗ ನಮಗ ಇಪ್ಪತ್ತೊಂದು ಅಡಿ ಅಂತ ಉಸ್ತಾದ್ ಕಲಿಸಿದ್ರು. ಅದರ ಮ್ಯಾಲ ಆದ್ರ ಎಂಜಿನ್ ಕೆಳಗ ಇಳಿಸು ಅಂತಿದ್ರು. ಯಾಕಂತ ಹೇಳಿರಲಿಲ್ಲ.

ಕಿರಿಯ: ಉಸ್ತಾದರ ಲೆಕ್ಕ ಬರೋಬ್ಬರಿ ಅದ. ನಮ್ಮದು ಸಮುದ್ರಮಟ್ಟಕ್ಕಿಂತ 400 ಮೀಟರಿನ ಆಸುಪಾಸು ಎತ್ತರದ ನಾಡು, ಅಲ್ಲಿಗೆ ಅರ್ಧ ಮೀಟರಿನಷ್ಟು ಹೋತು. ಬ್ಯಾಸಗಿ ನೀರು ಬಿಸಿ, ಮೂವತ್ತು ಡಿಗ್ರಿ ನೀರು ಒಳಗ ಆವಿ ಆಗಲಿಕ್ಕ ನೋಡ್ತದ, ಅಲ್ಲಿ ಮೀಟರಿನ ಇನ್ನೊಂದು ನಾಲ್ಕು ಹತ್ತಾಂಶ ಹೋತು. ಪೈಪಿನ ತಿಕ್ಕಾಟ, ಫುಟ್‌ವಾಲ್ವಿನ ತಿಕ್ಕಾಟ, ಇಂಪೆಲ್ಲರಿನ ಬಾಯಾಗ ಉಳೀಬೇಕಾದ ಒತ್ತಡ, ಇವನ್ನೆಲ್ಲ ತಗದ್ರ ಉಳಿಯೋದು ಆರೂವರಿ ಮೀಟರ್. ನಿಮ್ಮ ಇಪ್ಪತ್ತೊಂದು ಅಡಿ.

ಹಿರಿಯ: ಅಂದ್ರ ನಡೀತಾ ನಡೀತಾ ಬಿಡೂ ರೋಗಕ್ಕ ನೀನೇ ಕಾರಣ ಹುಡುಕಿದಿ. ಬ್ಯಾಸಗ್ಯಾಗ ಅದೇ.

ಕಿರಿಯ: ಬ್ಯಾಸಗಿಗೆ ಅದು ಸರಿ. ಆದ್ರ ಈಗ ಹದಿನೇಳೇ ಅಡಿ ಅದ, ಈಗಲೂ ಬಿಡ್ತದಲ್ಲ?

ಹಿರಿಯ: ಅದಕ್ಕ ಪೈಪು ನೋಡು. ಪಂಪಿನ ಹತ್ತಿರ ಬರೋ ಮುಂದ ಬಂಡಿ ಮ್ಯಾಲ ಏರಿ ಮತ್ತ ಇಳಿದದ. ಆ ಡುಬ್ಬದಾಗ ಗಾಳಿ ಕೂಡ್ತದ. ನೀರಿನ ಜೋಡಿ ಬರೋ ಸಣ್ಣ ಗುಳ್ಳಿಗಳೆಲ್ಲ ಅಲ್ಲಿ ಸೇರಿ ದೊಡ್ಡವಾಗಿ ಒಮ್ಮೆಗೇ ಇಂಪೆಲ್ಲರಿಗೆ ಹೋಗ್ತಾವ, ಪಂಪು ಬಿಡ್ತದ. ಸಕ್ಷನ್ ಪೈಪು ಬಾವಿಯಿಂದ ಪಂಪಿನ ತನಕ ಏರ್ತಾನೇ ಇರಬೇಕು, ಎಲ್ಲೂ ಇಳಿಜಾರು ಕೊಡಬಾರದು. ಪಂಪಿನ ಬಾಯಿ ಮುಂದ ಕುತ್ತಿಗಿ ತಿರುವಿದಂಥ ಮೊಂಡ ಎಲ್ಬೋ ಹಾಕ್ಯಾರ, ಅದೂ ತಪ್ಪು. ಅಲ್ಲಿ ಉದ್ದನ್ನ ಬೆಂಡು ಬೇಕು.

ಕಿರಿಯ: ಜಾಯಿಂಟಿನಾಗ ಗಾಳಿ ಹೊಗ್ತಿದ್ರ ಗೊತ್ತಾಗೋದು ಹ್ಯಾಂಗ? ನೀರೇ ಸೋರೂದಿಲ್ಲ.

ಹಿರಿಯ: ನಡೀತಿದ್ದಾಗ ಸಕ್ಷನ್ ಕಡೆ ಎಂದೂ ಸೋರೂದಿಲ್ಲ, ಒಳಗ ಎಳಕೊಂತದ. ಊದಿನಕಡ್ಡಿ ಹಚ್ಚಿ ಜಾಯಿಂಟಿನ ಹತ್ತಿರ ಹಿಡಿ, ಹೊಗಿ ಒಳಗ ಬಾಗಿದ್ರ ಅಲ್ಲೇ. ಗಾಳಿ ಬೀಸ್ತಿದ್ರ ಹೊಗಿ ನಂಬಬ್ಯಾಡ, ಹಸಿ ಮಣ್ಣು ಮೆತ್ತು. ಮೆತ್ತಿದ ಕೂಡಲೇ ಪಂಪಿನ ದನಿ ಬದಲಾದ್ರ ತೂತು ಸಿಕ್ತು. ಗ್ಲ್ಯಾಂಡು ಮಾತ್ರ ಬ್ಯಾರೆ ಲೆಕ್ಕ. ಅದು ನಡಿಯುವಾಗ ಹನಿ ಹನಿ ಸೋರಬೇಕು, ಸೆಕೆಂಡಿಗೆ ಒಂದು ಹನಿ ಅನ್ಕೋ. ಹನಿ ಬಂದ್ರ ಶಾಫ್ಟ್ ತಂಪಿರ್ತದ. ಹನಿ ಕಂಡ ಕೂಡಲೇ ನಟ್ಟು ಬಿಗಿ ಮಾಡೋರು ಶಾಫ್ಟ್ ಸುಡ್ತಾರ. ಒಂದು ಹನಿನೂ ಇಲ್ಲಂದ್ರ ದಾರ ಒಣಗೇದ, ಅಲ್ಲಿಂದಲೂ ಗಾಳಿ ಹೊಗ್ತದ.

ಊದಿನಕಡ್ಡಿಯ ಪರೀಕ್ಷೆ ಓದಲು ಸುಲಭ. ಆದರೆ ಅದನ್ನು ಮಾಡುವವನು ಪಂಪು ನಡೆಯುತ್ತಿರುವ ಆ ಕಾಲು ಗಂಟೆಯಲ್ಲಿ ಒಂದೊಂದು ಜಾಯಿಂಟಿನ ಬಳಿಯೂ ಮಂಡಿಯೂರಿ ಕೂರಬೇಕು. ಹೆಚ್ಚಿನ ಪಂಪುಗಳ ರೋಗ ಸಿಗದಿರುವುದು ಜ್ಞಾನ ಸಾಲದೆ ಅಲ್ಲ, ಆ ಕಾಲು ಗಂಟೆಯ ಕೂರುವಿಕೆ ಸಾಲದೆ ಎಂದು ನನಗನಿಸಿದೆ.

ಕಿರಿಯ: ಇಷ್ಟೆಲ್ಲ ಕಾಳಜಿ ಮಾಡೂದಕ್ಕಿಂತ ಬೋರ್ ಹೊಡಸಿ ಸಬ್‌ಮರ್ಸಿಬಲ್ ಬಿಟ್ರ ಒತ್ತಿದ್ರ ನೀರು. ಪಂಪು ನೀರಾಗೇ ಇರ್ತದ, ಎಳಿಯೋ ಮಾತೇ ಇಲ್ಲ, ಕೆಳಗಿಂದ ದೂಡ್ತದ. ಗಾಳಿ ಹಿಡಿಯೋ ಪ್ರಶ್ನೆನೇ ಹುಟ್ಟೂದಿಲ್ಲ.

ಹಿರಿಯ: ಪಂಪಿನ ವಿಷಯಕ್ಕ ನೀ ಹೇಳಿದ್ದು ಸರಿ. ನೆಲದ ವಿಷಯಕ್ಕ ಅಲ್ಲ. ಈ ಕಲ್ಲು ನೀರು ಕುಡದು ಇಟ್ಕೊಳ್ಳೋ ಕಲ್ಲಲ್ಲ. ಪದರು ಪದರಿನ ನಡುವಿನ ಸಂದು, ನಿಂತ ಸೀಳು, ನೀರು ಕರಗಿಸಿ ಮಾಡಿದ ಪೊಳ್ಳು, ಇಷ್ಟರಾಗೇ ನೀರು. ಅಡ್ಡ ಪದರು ಬೋರಿಗೂ ಸಿಗ್ತಾವ. ನಿಂತ ಸೀಳು ಆರೂವರಿ ಇಂಚಿನ ತೂತಿಗೆ ಸಿಕ್ರ ಅದು ನಸೀಬು. ಇಪ್ಪತ್ತು ಅಡಿ ಅಗಲದ ಬಾವಿ ಎಷ್ಟು ಸೀಳು ಕತ್ತರಿಸ್ಯಾದ ಎಣಿಸು, ಗೋಡಿ ಮ್ಯಾಲ ಕಾಣ್ತದ. ಒಣ ಬೋರ್ ಆದ್ರ ರೊಕ್ಕ ಹೋತು, ಬಾವಿ ರಿಪೇರಿಗೂ ಉಳಿಯೂದಿಲ್ಲ.

ಕಿರಿಯ: ಬಾಜೂ ಹೊಲದವರಿಗೆ ಸಿಕ್ಕದ. ಎಲ್ಲರಿಗೂ ಒಣ ಬೋರ್ ಅಂತ ಹೆದರಿಸಬ್ಯಾಡ್ರಿ.

ಹಿರಿಯ: ಸಿಕ್ಕದ. ಅವರಿಗೆ ಸಿಕ್ಕ ಮ್ಯಾಲ ನಿಮ್ಮ ಬಾವಿಯ ಆ ಕಲೆ ಎಷ್ಟು ಕೆಳಗ ಹೋತು ನೋಡೀಯೇನು? ಖಣಿಯಾಗ ನಾನು ಕಣ್ಣಾರೆ ಕಂಡೀನಿ. ಕಲ್ಲು ತಗಿಯೋ ಸಲುವಾಗಿ ಎಂಜಿನ್ ಹಚ್ಚಿ ನೀರು ಎತ್ತಿದ್ರ ಸುತ್ತಲಿನ ಬಾವಿಗಳು ಇಳೀತಿದ್ವು. ಸೀಳು ಸೀಳಿಗೆ ಸಂಬಂಧ ಇರ್ತದ. ನೀ ಇನ್ನೂರು ಅಡಿ ಬೋರ್ ಹೊಡಸಿದ್ರ ಅವ ಮುನ್ನೂರಕ್ಕ ಹೋಗ್ತಾನ.

ಕಿರಿಯ: ಅವ ಹೋಗ್ಯಾನ, ನಾ ಮಾತ್ರ ಹದಿನೇಳು ಅಡಿ ಮ್ಯಾಲ ಧರ್ಮ ಕಾಯ್ಕೊಂಡು ಕೂಡಬೇಕೇನು? ಮಂದಿ ನೀರು ಎತ್ತತಾ ಹೋಗ್ತಾರ, ನನ್ನ ಬಾವಿ ಬತ್ತತದ, ನನಗ ಉಳಿಯೋದು ನಿಮ್ಮ ಊದಿನಕಡ್ಡಿ. ಇದಕ್ಕ ಉತ್ತರ ಹೇಳ್ರಿ.

ಹಿರಿಯ: ಇದಕ್ಕ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಮಾತು ಹೇಳ್ತೀನಿ. ಬಾವಿ ಇದ್ದವನಿಗೆ ನೀರು ಎಷ್ಟದ ಅಂತ ಬಗ್ಗಿ ನೋಡಿದ್ರ ಕಾಣ್ತದ. ಹದಿನೇಳಿತ್ತು, ಹತ್ತೊಂಬತ್ತಾತು, ಈ ವರ್ಷ ಬದನಿ ಅರ್ಧ ಎಕರೆ ಸಾಕು ಅಂತ ಮುಂಚೇನೇ ತಿಳೀತದ. ಬೋರಿನವನಿಗೆ ಗೊತ್ತಾಗೋದು ನೀರು ನಿಂತ ದಿನ. ಆ ಮ್ಯಾಲ ಅವ ಏನೂ ಮಾಡಲಿಕ್ಕ ಬರೂದಿಲ್ಲ.

ಅಲ್ಲಿಯವರೆಗೆ ಕಟ್ಟೆಯ ಆ ತುದಿಯಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದ ಕಿರಿಯನ ತಾಯಿ ಮಾತಿನ ನಡುವೆ ಬಂದರು.

ತಾಯಿ: ಒಬ್ಬ ಬಾವಿ ಅಂತಾನ, ಒಬ್ಬ ಬೋರ್ ಅಂತಾನ. ಕೊಡ ಹೊರೋಳು ನಾನು. ರಾತ್ರಿ ಎರಡಕ್ಕ ಕರೆಂಟು ಬಂದ್ರ ಇವ ವಾಡ್ಯಾಗ ಪಾಳಿ ಮ್ಯಾಲ ಇರ್ತಾನ. ನಾ ಬ್ಯಾಟರಿ ಹಿಡಕೊಂಡು ಬಂದು, ಹಗ್ಗ ಬಿಟ್ಟು, ಕೊಡ ಎತ್ತಿ, ಆ ಸಣ್ಣ ಕಪ್ಪಿನಾಗ ನೀರು ಹಾಕಬೇಕು. ತುಂಬೋ ಹೊತ್ತಿಗೆ ಕರೆಂಟು ಹೋಗ್ತದ. ನಿಮ್ಮ ರಿಪೇರಿಯಾಗ ಈ ಕೊಡದ ಲೆಕ್ಕ ಅದೇನು?

ಕಿರಿಯ: ಅದಕ್ಕೇ ಆಟೋ ಸ್ಟಾರ್ಟರ್ ಹಾಕ್ಸೋಣ ಅಂದಿದ್ದೆ ಅವ್ವಾ.

ಹಿರಿಯ: ಏರ್ ಹಿಡಿಯೋ ಪಂಪಿಗೆ ಆಟೋ ಹಾಕಬಾರದು. ಕರೆಂಟು ಬಂದ ಕೂಡಲೇ ತಾನೇ ಚಾಲೂ ಆಗ್ತದ, ನೀರಿಲ್ಲದೆ ಬೆಳತನಕ ಒಣ ತಿರಗತದ. ಒಳಗಿನ ಸೀಲು, ದಾರ ಸುಟ್ಟು ಹೋಗ್ತಾವ. ಹಾಕೋದಾದ್ರ ಒಣ ಓಡಿದ್ರ ತಾನೇ ಬಂದ್ ಆಗೋ ಸಾಧನ ಜೋಡಿ ಹಾಕಬೇಕು. ವೈನಿ, ನಿಮ್ಮ ಕೊಡಕ್ಕ ಒಂದು ದಾರಿ ಅದ. ಪಂಪಿಗಿಂತ ಎತ್ತರದಾಗ ಒಂದು ಡ್ರಮ್ ಇಡಿಸ್ರಿ. ಡೆಲಿವರಿ ಪೈಪಿನಿಂದ ಸಣ್ಣ ನಳಿಗಿ ಅದಕ್ಕ, ಅದರಿಂದ ಪ್ರೈಮಿಂಗ್ ಕಪ್ಪಿಗೆ ಒಂದು ನಳ. ಪಂಪು ನಡೆದಾಗ ಡ್ರಮ್ ತುಂಬತದ. ಚಾಲೂ ಮಾಡುವಾಗ ನಳ ತಿರುವಿದ್ರ ಸಾಕು, ಕೊಡ ಎತ್ತೋದು ಬೇಕಾಗಿಲ್ಲ. ನೀರು ಹಿಡಿದ ಮ್ಯಾಲ ಕಪ್ಪಿನ ನಳ ಮರೀದೆ ಬಿಗಿ ಮುಚ್ಚಬೇಕು, ಇಲ್ಲಂದ್ರ ಅಲ್ಲಿಂದಲೇ ಗಾಳಿ.

ತಾಯಿ: ಇಷ್ಟು ವರ್ಷ ಬಂದು ಹೋದ್ರಿ, ಇದನ್ನ ಇವತ್ತು ಹೇಳಲಿಕತ್ತೀರಿ.

ಹಿರಿಯ: ಕೇಳಿದವರು ಯಾವಾಗಲೂ ಗಂಡಸರೇ ವೈನಿ. ಪಂಪು ಯಾಕ ನೀರು ಎತ್ತವಲ್ದು ಅಂತ ಕೇಳಿದ್ರು. ನೀರು ಯಾರು ಹಾಕ್ತಾರ ಅಂತ ಯಾರೂ ಹೇಳಲಿಲ್ಲ.

ಈ ಮಾತು ಬರೆಯುವಾಗ ನನಗೆ ಬಹಳ ಸಲ ನೋಡಿದ ಬಾವಿಕಟ್ಟೆಗಳು ನೆನಪಾಗುತ್ತವೆ. ಪಂಪಿನ ತಾಂತ್ರಿಕ ಚರ್ಚೆಯಲ್ಲಿ ಫುಟ್‌ವಾಲ್ವಿಗೆ ಜಾಗವಿದೆ, ಫ್ಲ್ಯಾಂಜಿಗೆ ಜಾಗವಿದೆ. ಕಪ್ಪಿಗೆ ನೀರು ಹಾಕುವ ಕೈಗಿಲ್ಲ. ಬೇಕಾದದ್ದು ಒಂದು ಡ್ರಮ್ಮು, ಎರಡು ನಳ.

ತಾಯಿ: ಬೋರ್ ಬಗ್ಗೆನೂ ಒಂದು ಮಾತು. ಈ ಎಮ್ಮಿ, ಈ ಬದನಿ ಗಿಡ, ಅರಿವಿ ಒಗಿಯೋದು ಎಲ್ಲ ಈ ಬಾವಿ ಮ್ಯಾಲ. ಕರೆಂಟು ಇಲ್ಲದಿದ್ರೂ ಹಗ್ಗ ಬಿಟ್ರ ನೀರು ಸಿಗ್ತದ. ಬೋರಿನಾಗ ಕರೆಂಟು ಇಲ್ಲಂದ್ರ ಒಂದು ತಂಬಿಗಿ ನೀರೂ ಸಿಗೂದಿಲ್ಲ. ಬಾವಿ ಮುಚ್ಚಬ್ಯಾಡ. ಮಿಕ್ಕಿದ್ದು ನಿನಗ ತಿಳಿದಂಗ ಮಾಡು.

ಕಿರಿಯ: ಮುಚ್ಚೋ ಮಾತು ನಾ ಆಡಿಲ್ಲ ಅವ್ವಾ. ಕಾಕಾ, ಇದರಾಗೇ ಒಂದು ನಡುವಿನ ದಾರಿ ಅದ. ತೆರೆದ ಬಾವಿಗೆ ಅಂತಲೇ ಅಡ್ಡ ಮಲಗೋ ಸಬ್‌ಮರ್ಸಿಬಲ್ ಪಂಪು ಬರ್ತದ. ನೀರಾಗ ಮುಳುಗಿರ್ತದ, ಪ್ರೈಮಿಂಗ್ ಬೇಕಾಗಿಲ್ಲ, ಫುಟ್‌ವಾಲ್ವ್ ಇಲ್ಲ, ಅವ್ವಗ ಕೊಡ ಇಲ್ಲ. ಇಪ್ಪತ್ತಾರು ಅಡಿಯ ಲೆಕ್ಕನೂ ಇಲ್ಲ. ಬೋರಿನ ರೊಕ್ಕದಾಗ ಒಂದು ಪಾಲೂ ಆಗೂದಿಲ್ಲ.

ಹಿರಿಯ: ಒಳ್ಳೇದೇ. ಆದ್ರ ಅದನ್ನೂ ನೆಲಕ್ಕ ತಕ್ಕಂಗ ನೋಡಬೇಕು. ತಳದ ರಾಡಿಗೆ ತಾಗಿಸಿ ಇಡಬ್ಯಾಡ, ಇಲ್ಲಿ ಪಾಲಿಷ್ ಮಷೀನಿನ ಕಲ್ಲಿನ ಹಿಟ್ಟು ಹಳ್ಳದಾಗ ಸೇರಿ ಬಾವಿ ತನಕ ಬರ್ತದ, ಅದು ಬೇರಿಂಗ್ ತಿಂತದ. ಚಿಂಚೋಳಿ ಕಡೆ ಆದ್ರ ಕೆಂಪು ಮಣ್ಣಿನ ರಾಡಿ. ಸುಣ್ಣ ಇದರ ಮೈ ಮ್ಯಾಲೂ ಕೂಡ್ತದ. ಮೋಟಾರಿಗೆ ಸುತ್ತಲಿನ ನೀರೇ ತಂಪು, ಮೈ ಮ್ಯಾಲ ಪದರು ಕಟ್ಟಿದ್ರ ಕಾಯತದ, ಸುರುಳಿ ಸುಡ್ತದ. ವರ್ಷಕ್ಕೊಮ್ಮಿ ಎತ್ತಿ ತೊಳೀಬೇಕು. ಮುಖ್ಯ ಮಾತು, ಇದು ನೀರಾಗ ಕರೆಂಟು. ಕೇಬಲ್ಲಿನ ಜಾಯಿಂಟು ನೀರಿನ ಕೆಳಗ ಬರಬಾರದು, ಅರ್ಥಿಂಗ್ ಇಲ್ಲದೆ ಒತ್ತಬಾರದು. ಇದು ನಡಿಯುವಾಗ ನಿಮ್ಮವ್ವ ಹಗ್ಗ ಬಿಟ್ಟು ಕೊಡ ಇಳಿಸಬಾರದು.

ತಾಯಿ: ಅದನ್ನ ಮೊದಲ ಹೇಳಬೇಕಾಗಿತ್ತು.

ಕಿರಿಯ: ಸೋರಿಕೆ ಆದ್ರ ತಾನೇ ಕಟ್ ಆಗೋ ಸ್ವಿಚ್ಚು ಬರ್ತದ ಅವ್ವಾ, ಅದನ್ನೂ ಹಾಕಸ್ತೀನಿ. ಆದ್ರ ಕಾಕಾ, ನೋಡ್ರಿ, ಕಡೀಕ ನಿಮ್ಮ ಬಾವಿ ಉಳೀತು, ನಿಮ್ಮ ಪಂಪು ಹೋತು.

ಹಿರಿಯ: ಹೋಗಿಲ್ಲ. ಬೆಳಗಾವಿಯಾಗ 1888ರಾಗ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆ 1926ರಾಗ ಸೆಂಟ್ರಿಫ್ಯೂಗಲ್ ಪಂಪು ಮಾಡಲಿಕ್ಕ ಸುರು ಮಾಡ್ತು. ಮ್ಯಾಲ ಎತ್ತು ಹೂಡಿ ಮೋಟ ಹೊಡೀತಿದ್ದ ಕಾಲ ಅದು. ಆವಾಗಿನ ಪಂಪಿನ ಒಳಗೂ ಇದೇ ಇತ್ತು, ಒಂದು ಚಕ್ರ, ಒಂದು ಶಾಫ್ಟ್, ಒಂದು ಹೊಟ್ಟಿ. ಯಾವ ಊರಿನ ಮಿಸ್ತ್ರಿ ಆದ್ರೂ ಬಿಚ್ಚಿ ಕಟ್ತಾನ. ನೀರಿನೊಳಗಿನ ಮೋಟಾರು ಸುಟ್ರ ಶಹರಕ್ಕ ಒಯ್ಯಬೇಕು, ಅವರು ಹೇಳಿದ ದಿನ ಬರಬೇಕು, ಅಷ್ಟರಾಗ ಬದನಿ ಒಣಗಿರ್ತದ. ಹೊಸದು ತಂದ್ರೂ ಇದನ್ನ ಗುಜರಿಗೆ ಹಾಕಬ್ಯಾಡ.

ಕಿರಿಯ: ಎರಡೆರಡು ಪಂಪು ಇಟ್ಕೊಂಡು ಎರಡಕ್ಕೂ ಕಾಳಜಿ ಮಾಡೋದು ಯಾರು? ನೀವು ಇರೂ ತನಕ ಸರಿ. ನಿಮ್ಮ ಮಗ ಈ ಕೆಲಸ ಕಲ್ತಾನೇನು?

ಹಿರಿಯ: ಇಲ್ಲ. ಅವ ಹೈದರಾಬಾದಿನಾಗ ಅದಾನ.

ಕಿರಿಯ: ಮತ್ತ?

ಹಿರಿಯ: ಮತ್ತ ಅಂದ್ರ, ಈ ಫುಟ್‌ವಾಲ್ವ್ ನೀ ಕಟ್ಟು. ನಾ ಹೇಳ್ತೀನಿ, ಕೈ ನಿನ್ನದಾ. ವಾಷರ್ ಕೂಡಿಸು. ಹಂಗಲ್ಲ, ನುಣುಪು ಮೈ ಕೆಳಗ. ಈಗ ತಿರುವಿ ಹಿಡಿ, ಒಳಗ ನೀರು ಹಾಕು. ಹನಿ ಬಿತ್ತೇನು?

ಕಿರಿಯ: ಒಂದು ಹನಿ ಬಿತ್ತು. ಈಗ ನಿಂತದ.

ಹಿರಿಯ: ಇನ್ನೂ ನೋಡು, ಅವಸರ ಮಾಡಬ್ಯಾಡ. ಪೈಪು ಇಳಿಸೋ ಮೊದಲ ಆ ಡುಬ್ಬ ತಗಿ, ಪಂಪಿನ ಬುಡಕ್ಕ ಎರಡು ಹಾಸುಗಲ್ಲು ಕೊಟ್ಟು ಎತ್ತರಿಸು, ಪೈಪು ಏರ್ತಾ ಬರಬೇಕು. ಫುಟ್‌ವಾಲ್ವ್ ತಳದಿಂದ ಎರಡು ಅಡಿ ಮ್ಯಾಲ ಇರಲಿ.

ಕಿರಿಯ: ಪಂಪು ಎತ್ತರಿಸಿದ್ರ ಆ ಹದಿನೇಳು ಅಡಿ ಹದಿನೇಳೂವರಿ ಆಗ್ತದಲ್ಲ?

ಹಿರಿಯ: ಆಗ್ತದ. ಮಾರ್ಚ್ ತನಕ ನಡೀತದ. ಅಲ್ಲಿಂದ ಮುಂದ ನಿನ್ನ ಹೊಸ ಪಂಪು ಇಳಿಸು. ಕೇಬಲ್ ಮಾತ್ರ ಇವತ್ತಿನ ನೀರಿಗೆ ಅಳಿಯಬ್ಯಾಡ, ಆ ಕಲೆಗೆ ಅಳಿ.